ಹಳೇ ಪತ್ರಿಕೆಗಳ ವಿಚಿತ್ರ ಸುದ್ದಿ ಹುಡುಕಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಳೇ ಪತ್ರಿಕೆಗಳ ವಿಚಿತ್ರ ಸುದ್ದಿ ಓದಿ ನಗುವ ಹುಚ್ಚು ಹಿಡಿದಿದೆ ನನಗೆ.

ಹುಚ್ಚು ಹತ್ತಿಸಿದ್ದು 1835ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ‘ದಿ ಸನ್’ ಕಂತುಕಂತಾಗಿ ಹಾಕಿದ ಚಂದ್ರಲೋಕದ ಸುದ್ದಿ. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ದೊಡ್ಡ ದೂರದರ್ಶಕದಲ್ಲಿ ನೋಡಿದರಂತೆ, ಅಲ್ಲಿ ಬಾವಲಿ ರೆಕ್ಕೆಯ ಮನುಷ್ಯರಿದ್ದರಂತೆ, ಬಾಲವಿಲ್ಲದ ಬೀವರ್‌ಗಳು (ನೀರಿನ ಬಳಿ ಬದುಕುವ ದೊಡ್ಡ ಇಲಿಯಂಥ ಪ್ರಾಣಿ) ಮರಿಗಳನ್ನು ಎತ್ತಿಕೊಂಡು ಎರಡೇ ಕಾಲಲ್ಲಿ ಓಡಾಡುತ್ತಿದ್ದವಂತೆ, ಅವುಗಳ ಗುಡಿಸಲಿನಿಂದ ಹೊಗೆ ಬೇರೆ ಬರುತ್ತಿತ್ತಂತೆ! ಆ ಹೊಗೆ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪೂರ್ತಿ ಕಟ್ಟುಕಥೆ, ಆದರೆ ಧಾಟಿ ಪಕ್ಕಾ ವರದಿಯದು. ನಗು ಹುಟ್ಟುವುದೇ ಅಲ್ಲಿ, ಅಲ್ವಾ? 1874ರಲ್ಲಿ ‘ನ್ಯೂಯಾರ್ಕ್ ಹೆರಾಲ್ಡ್’ ಕೂಡ ಮೃಗಾಲಯದ ಪ್ರಾಣಿಗಳು ತಪ್ಪಿಸಿಕೊಂಡು ಜನರನ್ನು ಕೊಂದವು ಅಂತ ಉದ್ದಕ್ಕೆ ಬರೆದು, ಇದೆಲ್ಲ ಸುಳ್ಳು ಅಂತ ಕೊನೆಯಲ್ಲಿ ಹೇಳಿತ್ತು. ಅಲ್ಲಿವರೆಗೆ ಓದದವರು ಹೆದರಿ ಹೋದರು.

ಈಗ ಹಳೇ ಪತ್ರಿಕೆಗಳ ಪುಟ ಸಿಗುವ ಜಾಲತಾಣಗಳಾದ ಆಸ್ಟ್ರೇಲಿಯಾದ ‘ಟ್ರೋವ್’, ಅಮೆರಿಕದ ‘ಕ್ರಾನಿಕ್ಲಿಂಗ್ ಅಮೆರಿಕ’ ಎರಡರಲ್ಲೂ ಹುಡುಕುತ್ತೇನೆ. ಎರಡೂ ಉಚಿತ. ತೊಂದರೆ ಏನೆಂದರೆ, ಮಸುಕಾದ ಪುಟವನ್ನು ಕಂಪ್ಯೂಟರ್ ತಪ್ಪುತಪ್ಪಾಗಿ ಓದಿರುತ್ತದೆ, ಹಾಗಾಗಿ ಸರಿಯಾದ ಪದ ಹಾಕಿದರೂ ಸುದ್ದಿ ಸಿಗುವುದಿಲ್ಲ. ‘ವಿಚಿತ್ರ’ ಅಂತ ಸುಮ್ನೆ ಹುಡುಕಿದರೆ ರಾಶಿ ಬೀಳುತ್ತದೆ. ನೀವು ಯಾವ ಪದಗಳನ್ನು ಹಾಕಿ ಹುಡುಕುತ್ತೀರಿ?

ಜಾಸ್ತಿ ಕಾಡುವುದು ಇನ್ನೊಂದು. ಕೆಲವು ಸುದ್ದಿ ನಗಿಸುತ್ತವೆ, ಆದರೆ ಒಳಗೆ ಯಾರದೋ ಸಾವು, ಯಾರದೋ ಅವಮಾನ ಇರುತ್ತದೆ. ಇಂಥವನ್ನು ಸ್ನೇಹಿತರಿಗೆ ಹೇಳುವಾಗ ಏನು ಬಿಡುತ್ತೀರಿ, ಏನು ಉಳಿಸಿಕೊಳ್ಳುತ್ತೀರಿ? ದಯವಿಟ್ಟು ಉದಾಹರಣೆ ಕೊಟ್ಟು ಹೇಳಿ.