ಕರಗದ ಔಷಧ, ನಿಲ್ಲದ ಅಮಾರ್ಫಸ್: ಮೇಡಂ ಅವರನ್ನು ಕೇಳಿ

ಅಡ್ಮಿನ್: ಇವತ್ತು ಮೇಡಂ ನಮ್ಮ ಗುಂಪಿನಲ್ಲಿದ್ದಾರೆ. ನೀರಿಗೆ ಕರಗದ ಔಷಧಗಳ ಫಾರ್ಮುಲೇಶನ್‌ನಲ್ಲಿ ಹಲವು ವರ್ಷ ಕೆಲಸ ಮಾಡಿದವರು. ವಿಷಯ: ಇಂಥ ಔಷಧವನ್ನು ಅಮಾರ್ಫಸ್, ಅಂದರೆ ಹರಳಾಗದ, ರೂಪದಲ್ಲಿ ಹಿಡಿದಿಡುವುದು ಹೇಗೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಎಂ.ಫಾರ್ಮ್ ಎರಡನೇ ವರ್ಷ: ನಮಸ್ಕಾರ ಮೇಡಂ. ಅದೇ ಔಷಧ, ಅದೇ ಅಣು. ಹರಳಾಗಿದ್ದರೆ ಕರಗುವುದಿಲ್ಲ, ಅಮಾರ್ಫಸ್ ಆದರೆ ಕರಗುತ್ತದೆ. ಯಾಕೆ?

ಮೇಡಂ: ನಮಸ್ಕಾರ. ಹರಳಿನಲ್ಲಿ ಅಣುಗಳು ಇಟ್ಟಿಗೆ ಗೋಡೆಯ ಹಾಗೆ ಕೂತಿರುತ್ತವೆ. ನೀರು ಒಂದೊಂದನ್ನೇ ಕಿತ್ತು ತೆಗೆಯಬೇಕು. ಅಮಾರ್ಫಸ್ ಅಂದರೆ ಅದೇ ಇಟ್ಟಿಗೆಗಳನ್ನು ರಾಶಿ ಸುರಿದ ಹಾಗೆ. ಕೀಳುವುದು ಸುಲಭ. ಆದರೆ ಈ ರಾಶಿ ತಾನಾಗಿಯೇ ಮತ್ತೆ ಗೋಡೆಯಾಗುವ ಬುದ್ಧಿಯದು. ಅದಕ್ಕೇ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತು, ಬೆರೆಸುತ್ತೇವೆ. ಡಬ್ಬಿಯಲ್ಲಿದ್ದಾಗ ಅದು ಅಣುಗಳನ್ನು ಅಲುಗದಂತೆ ಹಿಡಿಯಬೇಕು. ಕರುಳಿನಲ್ಲಿ ಕರಗಿದ ಮೇಲೆ, ರಕ್ತಕ್ಕೆ ಸೇರುವಷ್ಟು ಹೊತ್ತು, ಮತ್ತೆ ಹರಳಾಗದಂತೆ ತಡೆಯಬೇಕು. ಫಂಗಸ್ ಸೋಂಕಿನ ಔಷಧ ಇಟ್ರಾಕೊನಜೋಲ್ ನೋಡಿ. ತಟಸ್ಥ ನೀರಿನಲ್ಲಿ ಅದು ಮಿಲಿಲೀಟರ್‌ಗೆ ಸುಮಾರು 1 ನ್ಯಾನೋಗ್ರಾಂ ಕರಗುತ್ತದೆ. ಕರಗುವುದೇ ಇಲ್ಲ ಅನ್ನಿ. ಸಕ್ಕರೆಯ ಪುಟ್ಟ ಗುಂಡುಗಳ ಮೇಲೆ ಎಚ್‌ಪಿಎಂಸಿ ಎಂಬ ಪಾಲಿಮರ್ ಜೊತೆ ಅಮಾರ್ಫಸ್ ಪದರವಾಗಿ ಬಳಿದು ಕ್ಯಾಪ್ಸೂಲ್ ಮಾಡಿದ್ದಾರೆ.

ಮನೆ ಔಷಧ ಡಬ್ಬಿ: ಇಂಥ ಮಾತ್ರೆಗಳನ್ನು ಫ್ರಿಜ್‌ನಲ್ಲಿಟ್ಟರೆ ಜಾಸ್ತಿ ದಿನ ಬರುತ್ತವಾ ಮೇಡಂ?

ಮೇಡಂ: ಲೇಬಲ್‌ನಲ್ಲಿ ಹಾಗೆ ಬರೆದಿದ್ದರೆ ಮಾತ್ರ ಇಡಿ. ಇಲ್ಲದಿದ್ದರೆ ಬೇಡ. ತಣ್ಣಗಿರುವ ಡಬ್ಬಿಯನ್ನು ಹೊರಗೆ ತೆಗೆದು ಮುಚ್ಚಳ ತೆರೆದಾಗ ಒಳಗೆ ತೇವ ಕೂರುತ್ತದೆ. ಅಮಾರ್ಫಸ್‌ಗೆ ತೇವವೇ ಶತ್ರು.

ಸ್ಪ್ರೇ ಡ್ರೈಯರ್ ಹುಡುಗ: ಮೇಡಂ, ಔಷಧ 30 ಪಾಲು, ಎಚ್‌ಪಿಎಂಸಿಎಎಸ್ ಪಾಲಿಮರ್ 70 ಪಾಲು. ಅಸಿಟೋನ್‌ನಲ್ಲಿ ಕರಗಿಸಿ ಸ್ಪ್ರೇ ಡ್ರೈ ಮಾಡುತ್ತೇವೆ, ಅಂದರೆ ಬಿಸಿ ಗಾಳಿಯಲ್ಲಿ ಸಿಂಪಡಿಸಿ ಪುಡಿಯಾಗಿ ಒಣಗಿಸುತ್ತೇವೆ. ಲ್ಯಾಬ್‌ನಲ್ಲಿ ಮಾಡಿದ 50 ಗ್ರಾಂ ಬ್ಯಾಚ್ ಚಿನ್ನದಂತಿತ್ತು. 5 ಕಿಲೋ ಬ್ಯಾಚ್ ಕೈ ಕೊಟ್ಟಿದೆ. ಹರಳು ಪತ್ತೆಮಾಡುವ ಎಕ್ಸ್-ರೇ ಪರೀಕ್ಷೆ ಎಕ್ಸ್‌ಆರ್‌ಡಿಯಲ್ಲಿ ಒಂದು ಪೀಕ್ ಕೂಡ ಇಲ್ಲ. ಆದರೆ ಪಿಎಚ್ 6.8ರಲ್ಲಿ ಡಿಸಲ್ಯೂಷನ್, ಅಂದರೆ ದ್ರವದಲ್ಲಿ ಕರಗಿದ ಔಷಧದ ಪ್ರಮಾಣ, ಮೊದಲು ಏರುತ್ತದೆ, 30 ನಿಮಿಷದ ನಂತರ ಧಡ್ ಅಂತ ಇಳಿಯುತ್ತದೆ. ದ್ರವವೂ ಮಸುಕಾಗಿದೆ. ಪಾಲಿಮರ್ 80 ಪಾಲು ಮಾಡೋಣ ಅಂದುಕೊಂಡಿದ್ದೇವೆ.

ಮೇಡಂ: ಪಾಲಿಮರ್ ಮುಟ್ಟಬೇಡಿ. ಮೊದಲು ಒಂದು ಹೇಳಿ. ಡ್ರೈಯರ್‌ನಿಂದ ಪುಡಿ ಬಿದ್ದ ಮೇಲೆ ವ್ಯಾಕ್ಯೂಮ್ ಅವನ್‌ಗೆ ಹೋಗುವವರೆಗೆ ಎಷ್ಟು ಹೊತ್ತು ಕಾಯಿತು?

ಕಿಟಕಿ ಗಾಜು: ಅಮಾರ್ಫಸ್ ಅಂದರೆ ಗಾಜು ಅಲ್ವಾ? ಗಾಜು ನಿಧಾನವಾಗಿ ಹರಿಯುವ ದ್ರವ. ಹಳೆ ಕಿಟಕಿಗಳ ಗಾಜು ಕೆಳಗೆ ದಪ್ಪ ಇರುವುದೇ ಸಾಕ್ಷಿ. ಹಾಗಾದರೆ ಮಾತ್ರೆಯೂ ಡಬ್ಬಿಯಲ್ಲಿ ಹರಿಯುತ್ತದೆ.

ಫಿಸಿಕ್ಸ್ ಮೇಷ್ಟ್ರು: ಇದು ಸುಳ್ಳು. ಆಗಿನ ಕಾಲದಲ್ಲಿ ಗಾಜಿನ ಹಾಳೆ ಒಂದೇ ಸಮ ಬರುತ್ತಿರಲಿಲ್ಲ. ಎಷ್ಟೋ ಕಡೆ ದಪ್ಪ ಬದಿಯನ್ನು ಕೆಳಗಿಟ್ಟು ಕೂರಿಸಿದರು, ಅಷ್ಟೇ.

ಕಿಟಕಿ ಗಾಜು: ನೀವು ನೋಡಿದ್ದೀರಾ ಕೂರಿಸುವಾಗ?

ಫಿಸಿಕ್ಸ್ ಮೇಷ್ಟ್ರು: ನೀವು ನೋಡಿದ್ದೀರಾ ಹರಿಯುವಾಗ?

ಸ್ಪ್ರೇ ಡ್ರೈಯರ್ ಹುಡುಗ: ಮೇಡಂ, ಲ್ಯಾಬ್ ಬ್ಯಾಚ್ ಅರ್ಧ ಗಂಟೆಯಲ್ಲೇ ಅವನ್‌ಗೆ ಹೋಯಿತು. ದೊಡ್ಡ ಬ್ಯಾಚ್‌ಗೆ ಅವನ್ ಖಾಲಿ ಇರಲಿಲ್ಲ. ಪಾಲಿಥೀನ್ ಚೀಲದಲ್ಲಿ ಬಾಯಿ ಬಿಗಿದು ಇಟ್ಟೆವು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆ.

ಮೇಡಂ: ಅದೇ ಅಂದುಕೊಂಡೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಸ್ಪ್ರೇ ಡ್ರೈಯರ್‌ನಿಂದ ಬೀಳುವ ಪುಡಿ ಕೈಗೆ ಒಣಗಿದಂತೆಯೇ ಇರುತ್ತದೆ. ಒಳಗೆ ಇನ್ನೂ ಅಸಿಟೋನ್ ಉಳಿದಿರುತ್ತದೆ. ಒಣ ಪುಡಿಯ ಟಿಜಿ, ಅಂದರೆ ಯಾವ ಬಿಸಿಯನ್ನು ದಾಟಿದರೆ ಅಣುಗಳು ಸಡಿಲವಾಗಿ ಓಡಾಡಲು ಶುರುಮಾಡುತ್ತವೋ ಆ ಗಡಿ, ನಿಮ್ಮದರಲ್ಲಿ ಚೆನ್ನಾಗಿಯೇ ಇರಬಹುದು. ಅಸಿಟೋನ್ ಇರುವಾಗ ಆ ಗಡಿ ಜರ್ರನೆ ಕೆಳಗಿಳಿಯುತ್ತದೆ. ನೀವು ಚೀಲದ ಬಾಯಿ ಬೇರೆ ಕಟ್ಟಿದಿರಿ. ಎರಡೂವರೆ ದಿನ ಅಸಿಟೋನ್‌ಗೆ ಹೊರಗೆ ದಾರಿ ಇರಲಿಲ್ಲ. ಔಷಧದ ಅಣುಗಳಿಗೆ ಒಂದನ್ನೊಂದು ಹುಡುಕಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತು. ಸೋಮವಾರ ಅವನ್‌ನಲ್ಲಿ ಅಸಿಟೋನ್ ಹೋಯಿತು, ಟಿಜಿ ಮೇಲೆ ಬಂತು. ಆದರೆ ಅಷ್ಟರಲ್ಲಿ ಹುಟ್ಟಿದ ಹರಳಿನ ಬೀಜ ಒಣಗಿಸಿದ ಮಾತ್ರಕ್ಕೆ ಹೋಗುವುದಿಲ್ಲ.

ಎಕ್ಸ್‌ಆರ್‌ಡಿ ಯಾಕೆ ತೋರಿಸಲಿಲ್ಲ? ಹರಳು ಶೇಕಡಾ ಒಂದೆರಡರಷ್ಟಿದ್ದರೆ ಮಾಮೂಲಿ ಸ್ಕ್ಯಾನ್‌ಗೆ ಅದು ಕಾಣುವುದು ಕಷ್ಟ. ಪೀಕ್ ಇಲ್ಲ ಅಂದರೆ ಹರಳು ಇಲ್ಲ ಅಂತಲ್ಲ, ಕಂಡಿಲ್ಲ ಅಂತ. ಡಿಸಲ್ಯೂಷನ್‌ನಲ್ಲಿ ಮಾತ್ರ ಬಣ್ಣ ಬಯಲಾಗುತ್ತದೆ. ಕರಗಿದ ಔಷಧ ಮಿತಿ ಮೀರಿ ನಿಂತಿರುವಾಗ ಒಂದು ಬೀಜ ಸಿಕ್ಕರೆ ಸಾಕು, ಎಲ್ಲ ಅದಕ್ಕೇ ಹೋಗಿ ಅಂಟುತ್ತದೆ. ನಿಮ್ಮ 30ನೇ ನಿಮಿಷದ ಇಳಿತ ಅದೇ ಇರಬೇಕು. ಮಸುಕನ್ನು ಮಾತ್ರ ನಂಬಬೇಡಿ. ಔಷಧ ಸಣ್ಣ ಸಣ್ಣ ಹನಿಗಳಾಗಿ ಬೇರೆಯಾದರೂ ದ್ರವ ಮಸುಕಾಗುತ್ತದೆ. ಅದು ಕೆಟ್ಟದ್ದೇನೂ ಅಲ್ಲ.

ಈಗ ಮಾಡಬೇಕಾದ್ದು: ಒಂದು ಚಿಟಿಕೆ ಪುಡಿಯನ್ನು ಎಣ್ಣೆಯಲ್ಲಿ ಹರಡಿ ಪೋಲರೈಸ್ಡ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಅಮಾರ್ಫಸ್ ಕತ್ತಲಾಗಿರುತ್ತದೆ, ಹರಳು ಮಿನುಗುತ್ತದೆ. ಆಮೇಲೆ ಹೊಸದಾಗಿ ಸ್ವಲ್ಪ ಸ್ಪ್ರೇ ಮಾಡಿ, ಹಸಿ ಪುಡಿಯನ್ನು 0, 4, 24, 72 ಗಂಟೆ ಮುಚ್ಚಿಟ್ಟು, ಪ್ರತಿಯೊಂದನ್ನೂ ಒಣಗಿಸಿ ಡಿಸಲ್ಯೂಷನ್ ಮಾಡಿ. ಹಸಿ ಪುಡಿ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಆ ಗಡುವು ಬ್ಯಾಚ್ ರೆಕಾರ್ಡ್‌ನಲ್ಲಿ ಇರಲೇಬೇಕು. ಇನ್ನೊಂದು, ಅಸಿಟೋನ್ ಇರುವ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಜೆಗೆ ಹೋಗುವುದು ಬೆಂಕಿಯ ಜೊತೆ ಆಟ. ಅದನ್ನು ಬೇರೆ ಹೇಳಬೇಕಾ?

ಸೆಮಿನಾರ್ ನಾಳೆ: ಪಾಲಿಮರ್‌ಗಳಲ್ಲಿ ಪಿವಿಪಿ ಒಳ್ಳೆಯದಾ, ಎಚ್‌ಪಿಎಂಸಿಎಎಸ್ ಒಳ್ಳೆಯದಾ? ಎರಡು ಸಾಲಿನಲ್ಲಿ ಹೇಳಿ ಮೇಡಂ, ಅರ್ಜೆಂಟ್.

ಮಗಳು: ಮೇಡಂ, ನನಗೆ ಬಂದ ಫಾರ್ವರ್ಡ್ ಇದು: "ಯಾವ ಮಾತ್ರೆಯಾದರೂ ಸರಿ, ನುಣ್ಣಗೆ ಪುಡಿ ಮಾಡಿ ಬಿಸಿನೀರಿನಲ್ಲಿ ಕದಡಿ ಕೊಟ್ಟರೆ ಪೂರ್ತಿ ಹೀರುತ್ತದೆ." ಅಪ್ಪನಿಗೆ ಫಂಗಸ್ ಸೋಂಕಿಗೆ ಪೊಸಕೊನಜೋಲ್ ಮಾತ್ರೆ ಕೊಟ್ಟಿದ್ದಾರೆ. ನಾಲ್ಕು ದಿನದಿಂದ ಹೀಗೇ ಕೊಡುತ್ತಿದ್ದೇನೆ.

ಮೇಡಂ: ಪುಡಿ ಮಾಡುವುದನ್ನು ಈಗಲೇ ನಿಲ್ಲಿಸಿ. ಔಷಧ ನಿಲ್ಲಿಸಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ನಾಲ್ಕು ದಿನ ಏನು ಮಾಡಿದಿರಿ ಅಂತ ಮುಚ್ಚಿಡದೆ ಹೇಳಿ. ಆ ಮಾತ್ರೆಯನ್ನು ಹೊಟ್ಟೆ ದಾಟಿ ಕರುಳಿನಲ್ಲಿ ಬಿಚ್ಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಇಡಿಯಾಗಿ ನುಂಗಬೇಕು. ನುಂಗಲು ಕಷ್ಟವಾದರೆ ಅದನ್ನೂ ಹೇಳಿ. ದ್ರವ ರೂಪ ಇದೆ, ಆದರೆ ಎರಡರ ಡೋಸ್ ಒಂದೇ ಅಲ್ಲ. ನೀವಾಗಿಯೇ ಬದಲಿಸಬೇಡಿ. ಆ ಫಾರ್ವರ್ಡ್ ಕಳಿಸಿದವರನ್ನು ಏನು ಮಾಡಬೇಕೋ ನನಗೆ ತಿಳಿಯದು.

ಕಿಟಕಿ ಗಾಜು: ಅಷ್ಟು ಸಿಟ್ಟು ಯಾಕೆ? ಪುಡಿ ಮಾಡಿದರೆ ಬೇಗ ಕರಗುತ್ತದೆ. ಇದು ಸಾಮಾನ್ಯ ಜ್ಞಾನ.

ಮೇಡಂ: ಬೇಗ ಕರಗುವುದು ಬೇರೆ, ಕರಗಿ ನಿಲ್ಲುವುದು ಬೇರೆ. ತಪ್ಪು ಜಾಗದಲ್ಲಿ ಬೇಗ ಕರಗಿಸಿ ಏನು ಪ್ರಯೋಜನ?

ಪ್ರಕೃತಿ ಪ್ರಿಯ: ಒಟ್ಟಿನಲ್ಲಿ ಅಮಾರ್ಫಸ್ ಅಂದರೆ ಕಂಪನಿಗಳ ಮೋಸ. ಎಚ್‌ಐವಿ ಔಷಧ ರಿಟೊನವಿರ್ ಕ್ಯಾಪ್ಸೂಲ್ ವಾಪಸ್ ತೆಗೆದುಕೊಂಡಿದ್ದು ಇದಕ್ಕೇ.

ಮೇಡಂ: ಪೂರ್ತಿ ಉಲ್ಟಾ. 1996ರ ಆ ಕ್ಯಾಪ್ಸೂಲ್‌ನಲ್ಲಿ ಔಷಧ ಕರಗಿದ ಸ್ಥಿತಿಯಲ್ಲಿತ್ತು. 1998ರಲ್ಲಿ ಯಾರೂ ಕಾಣದ ಎರಡನೇ ಹರಳು ರೂಪ ಬಂತು. ಅದು ಮೊದಲಿನದಕ್ಕಿಂತ ಕಡಿಮೆ ಕರಗುವಂಥದ್ದು. ಕ್ಯಾಪ್ಸೂಲ್ ಹಿಂದಕ್ಕೆ ಹೋಯಿತು. 2010ರಲ್ಲಿ ಮಾತ್ರೆಯಾಗಿ ಬಂದದ್ದು ಕೊಪೊವಿಡೋನ್ ಎಂಬ ಪಾಲಿಮರ್ ಜೊತೆ ಬಿಸಿಯಲ್ಲಿ ಕರಗಿಸಿ ಅಮಾರ್ಫಸ್ ಮಾಡಿದ ಮೇಲೆ. ಕೆಡಿಸಿದ್ದು ಹರಳು, ಉಳಿಸಿದ್ದು ಅಮಾರ್ಫಸ್.

ಪ್ರಕೃತಿ ಪ್ರಿಯ: ನೀವು ಕಂಪನಿಯವರು, ಹಾಗೇ ಹೇಳುತ್ತೀರಿ.

ಫಿಸಿಕ್ಸ್ ಮೇಷ್ಟ್ರು: ಸ್ವಾಮಿ, ಅವರು ಇಸವಿ ಸಮೇತ ಹೇಳಿದ್ದಾರೆ. ನೀವೂ ಒಂದು ಇಸವಿ ಹೇಳಿ.

ಕಿಟಕಿ ಗಾಜು: ಮೇಷ್ಟ್ರಿಗೆ ಎಲ್ಲರ ಪರ ವಕಾಲತ್ತು ವಹಿಸುವ ಚಪಲ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಮಾತು ಬೇಡ.

ಸಿಲಿಕಾ ಆಸಕ್ತ: ಪಾಲಿಮರ್ ಬದಲು ಮೀಸೋಪೋರಸ್ (ಅತಿ ಸಣ್ಣ ರಂಧ್ರಗಳ) ಸಿಲಿಕಾ ಬಳಸಿದರೆ ಹೇಗೆ ಮೇಡಂ?

ದಿನದ ಡಬ್ಬಿ: ಫ್ರಿಜ್‌ನಲ್ಲಿ ಇಡಬಹುದಾ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಕಿಟಕಿ ಗಾಜು: ಗಾಜಿನ ಪ್ರಶ್ನೆಗೆ ಮೇಡಂ ಉತ್ತರಿಸಲೇ ಇಲ್ಲ. ಮೌನಂ ಸಮ್ಮತಿ ಲಕ್ಷಣಂ.

ಮೇಡಂ: ಸಮ್ಮತಿ ಅಲ್ಲ, ಸುಸ್ತು. ಕಿಟಕಿ ವಿಷಯದಲ್ಲಿ ಮೇಷ್ಟ್ರು ಸರಿ. ನಿಮ್ಮಲ್ಲೂ ಒಂದು ಎಳೆ ನಿಜ ಇದೆ. ಮಾತ್ರೆ ಹರಿಯುವುದಿಲ್ಲ, ಆದರೆ ಟಿಜಿಗಿಂತ ಕೆಳಗೂ ಅಣುಗಳು ಸ್ವಲ್ಪ ಸ್ವಲ್ಪ ಅಲುಗುತ್ತವೆ. ಅದಕ್ಕೇ ಇಡುವ ಜಾಗದ ಬಿಸಿಗಿಂತ ಟಿಜಿ ಸುಮಾರು 50 ಡಿಗ್ರಿ ಮೇಲಿರಲಿ ಅಂತ ನಾವು ನೋಡುತ್ತೇವೆ. ನೋವಿನ ಔಷಧ ಇಂಡೊಮೆಥಾಸಿನ್ ಒಂದನ್ನೇ, ಪಾಲಿಮರ್ ಇಲ್ಲದೆ, ತೆಗೆದುಕೊಂಡರೆ ಟಿಜಿ ಸುಮಾರು 42 ಡಿಗ್ರಿ. ನೀರಿನದು ಮೈನಸ್ 137ರ ಹತ್ತಿರ. ಸ್ವಲ್ಪ ತೇವ ಸೇರಿದರೂ ಎಷ್ಟು ಕೆಳಗೆ ಎಳೆಯುತ್ತದೆ, ನೀವೇ ಯೋಚಿಸಿ.

ಕಿಟಕಿ ಗಾಜು: ಅಂದರೆ ನಾನು ಹೇಳಿದ್ದೇ ಸರಿ.

ಫಿಸಿಕ್ಸ್ ಮೇಷ್ಟ್ರು: ಅಯ್ಯೋ.

ಸೆಮಿನಾರ್ ನಾಳೆ: ಮೇಡಂ, ಪಿವಿಪಿ???

ಡಬ್ಬಿಯ ಪೊಟ್ಟಣ: ಡಬ್ಬಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣ ಬಿಸಾಡಬಹುದಾ? ಅಥವಾ ಫ್ರಿಜ್‌ನಲ್ಲಿ...

ಮೇಡಂ: ಪೊಟ್ಟಣ ಅಲ್ಲೇ ಇರಲಿ. ಮಾತ್ರೆ ಅದೇ ಡಬ್ಬಿಯಲ್ಲಿರಲಿ. ಫ್ರಿಜ್ ಅನ್ನುವ ಪದ ಇನ್ನೊಮ್ಮೆ ಬಂದರೆ ನಾನು ಹೊರಡುತ್ತೇನೆ.

ಸ್ಪ್ರೇ ಡ್ರೈಯರ್ ಹುಡುಗ: ಮೇಡಂ, ನೋಡಿದೆ. ಎಂಟು ಸ್ಲೈಡ್‌ನಲ್ಲಿ ಐದರಲ್ಲಿ ಮಿನುಗುತ್ತಿದೆ. ನಮ್ಮ ಮೇಲಿನವರು ಮಾತ್ರ ಎಕ್ಸ್‌ಆರ್‌ಡಿ ಪಾಸ್ ಆಗಿದೆ, ನಾಳೆ ಮಾತ್ರೆ ಒತ್ತಿಬಿಡಿ ಅನ್ನುತ್ತಿದ್ದಾರೆ.

ಮೇಡಂ: ಒತ್ತಬೇಡಿ. ಐದೂ ಸ್ಲೈಡ್‌ಗಳ ಫೋಟೋ ಮತ್ತು ಡಿಸಲ್ಯೂಷನ್ ಗ್ರಾಫ್ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಡಿ. ಶುಕ್ರವಾರದಿಂದ ಸೋಮವಾರದವರೆಗೆ ಪುಡಿ ಎಲ್ಲಿತ್ತು ಅಂತ ಕೆಳಗೆ ಬರೆಯಿರಿ, ತಾರೀಖು ಹಾಕಿ ಸಹಿ ಮಾಡಿ. ಬಾಯಲ್ಲಿ ಮಾತ್ರ ಹೇಳಿ ಬರಬೇಡಿ.