ಲಾರಿಯ ಬಿಡಿಭಾಗ: ಯಾವುದಕ್ಕೆ ಕಂಪನಿಯದೇ ಬೇಕು, ಯಾವುದಕ್ಕೆ ಬೇರೆಯದು ನಡೆಯುತ್ತದೆ?

ಪ್ರಶ್ನೆ (ನಿಗಡಿ, ಪುಣೆ)

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಬಿಎಸ್-4 ಹತ್ತು ಚಕ್ರದ ಲಾರಿ, ಆರು ಸಿಲಿಂಡರಿನ ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ) ಎಂಜಿನ್. ಚಾಕಣದಿಂದ ಹುಬ್ಬಳ್ಳಿಗೆ ಲೋಡು ಒಯ್ದು, ಅಲ್ಲಿ ಸಿಕ್ಕಿದ್ದನ್ನು ತುಂಬಿಕೊಂಡು ಮರಳುತ್ತೇನೆ. ಇರುವುದು ಒಂದೇ ಗಾಡಿಯಾದ್ದರಿಂದ ಅದು ನಿಂತ ದಿನ ಮನೆಯ ವರಮಾನವೂ ನಿಲ್ಲುತ್ತದೆ. ಕಳೆದ ತಿಂಗಳು ಖಂಬಾಟ್ಕಿ ಘಾಟಿನ ಏರಿನಲ್ಲಿ ಪಿಕಪ್ ಪೂರ್ತಿ ಬಿದ್ದುಹೋಗಿ, ಕರಿ ಹೊಗೆ ಕಾರುತ್ತ, ಹಿಂದಿನವರ ಹಾರ್ನ್ ಕೇಳುತ್ತ ಎರಡನೇ ಗೇರಿನಲ್ಲಿ ಮೇಲೇರಬೇಕಾಯಿತು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಆರು ಇಂಜೆಕ್ಟರುಗಳಲ್ಲಿ ಎರಡು ಕೆಟ್ಟಿವೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಿಂದಿನ ಸರ್ವಿಸಿನಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ನಾನೇ ತಂದು ಹಾಕಿಸಿದ್ದ ಡೀಸೆಲ್ ಫಿಲ್ಟರನ್ನು ಕೊಯ್ದು ನೋಡಿದರೆ, ಒಳಗಿನ ಕಾಗದ ಒಂದು ಬದಿಯಲ್ಲಿ ಅಂಟು ಬಿಟ್ಟು ಬೆರಳು ತೂರುವಷ್ಟು ಬಾಯಿ ತೆರೆದುಕೊಂಡಿತ್ತು.

ಈಗ ಇಂಜೆಕ್ಟರಿಗೆ ಮೂರು ದಾರಿಗಳಿವೆ: ಕಂಪನಿಯ ಹೊಸದು, ರಿಪೇರಿ ಮಾಡಿದ್ದು, ಹೆಸರಿಲ್ಲದ ಲೋಕಲ್ ಮಾಲು. ಕ್ಲಚ್ ಕೂಡ ಜಾರತೊಡಗಿದೆ. ಎಲ್ಲವನ್ನೂ ಕಂಪನಿಯದೇ ಹಾಕಿಸುವ ಶಕ್ತಿ ನನಗಿಲ್ಲ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬಹುದು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಭೋಸರಿ, ಪಂಪು ಮತ್ತು ಇಂಜೆಕ್ಟರ್ ಕೆಲಸ)

ನಿಮ್ಮ ಗಾಡಿಯ ಕಾಮನ್ ರೈಲಿನಲ್ಲಿ ಡೀಸೆಲಿನ ಒತ್ತಡ ಹೊರೆ ಬಿದ್ದಾಗ 1,600 ಬಾರ್‌ನಷ್ಟು ಏರಬಹುದು. ಲಾರಿಯ ಟೈರಿನಲ್ಲಿ ಇರುವುದು ಸುಮಾರು 8 ಬಾರ್ ಎಂದು ನೆನೆದರೆ ಅದರ ಅಂದಾಜು ಸಿಗುತ್ತದೆ. ಇಂಜೆಕ್ಟರಿನೊಳಗೆ ಒಂದರ ಮೇಲೊಂದು ಸರಿಯುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಕಣ್ಣಿಗೆ ಕಾಣದ ಧೂಳೂ ಅಲ್ಲಿ ಉಪ್ಪುಕಾಗದದಂತೆ ಉಜ್ಜುತ್ತದೆ. ಆದ್ದರಿಂದ ಲೋಕಲ್ ಮಾಲಿನ ಮಾತನ್ನೇ ಬಿಡಿ. ರಿಪೇರಿ ಮಾಡಿದ್ದನ್ನು ನಾನು ಬೇಡವೆನ್ನುವುದಿಲ್ಲ, ಆದರೆ ತಯಾರಕರ ಒಪ್ಪಿಗೆ ಪಡೆದ ಕೇಂದ್ರದಲ್ಲಿ, ಅಸಲಿ ನಾಝಲ್ ಮತ್ತು ವಾಲ್ವ್ ಹಾಕಿ, ಟೆಸ್ಟ್ ಬೆಂಚಿನ ಮೇಲೆ ಪರೀಕ್ಷಿಸಿ, ಅದರ ಅಚ್ಚಾದ ವರದಿಯನ್ನು ಕೈಗೆ ಕೊಟ್ಟರೆ ಮಾತ್ರ. ಎರಡನ್ನು ಬದಲಾಯಿಸುವ ಮುನ್ನ ಆರನ್ನೂ ಬೆಂಚಿಗೆ ಹಾಕಿಸಿ. ಹಲವು ಎಂಜಿನ್‌ಗಳಲ್ಲಿ ಇಂಜೆಕ್ಟರಿನ ಮೇಲೆ ಕೊರೆದಿರುವ ಕೋಡನ್ನು ಇಸಿಎಂಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಊಡಿಸಬೇಕಾಗುತ್ತದೆ. ಸ್ಕ್ಯಾನರ್ ಇಲ್ಲದ ಕಡೆ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಹೊಸ ಇಂಜೆಕ್ಟರ್ ಸರಿಯಿಲ್ಲ ಎಂದು ದೂರುತ್ತಾರೆ.

ಇನ್ನೊಂದು ಮಾತು. ಹೊಸ ಡೀಸೆಲ್ ಫಿಲ್ಟರನ್ನು ಕೂರಿಸುವ ಮೊದಲು ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿಸುವ ಹಳೆಯ ರೂಢಿ ನಮ್ಮ ಹುಡುಗರಲ್ಲಿ ಇನ್ನೂ ಇದೆ. ಹಾಗೆ ನಡುವಿನ ತೂತಿಗೆ ಸುರಿದ ಡೀಸೆಲ್ ಫಿಲ್ಟರಿನ ಶುದ್ಧ ಬದಿಗೇ ಬಿದ್ದು, ಸೋಸದೆ ನೇರವಾಗಿ ಪಂಪಿಗೆ ಹೋಗುತ್ತದೆ. ಖಾಲಿ ಫಿಲ್ಟರ್ ಕೂರಿಸಿ ಹ್ಯಾಂಡ್ ಪ್ರೈಮರ್ (ಡೀಸೆಲ್ ಎಳೆಯುವ ಕೈಪಂಪು) ಒತ್ತಿಯೇ ತುಂಬಿಸಬೇಕು. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಉತ್ತರ 2 (ಕಳಂಬೋಲಿ, ಆರು ಲಾರಿಗಳ ಮಾಲೀಕ)

ನಿಗಡಿಯವರೇ, ನಾನು ನೋಡುವುದು ಒಂದೇ: ಈ ಭಾಗ ಕೆಟ್ಟರೆ ತಾನೊಂದೇ ಕೆಡುತ್ತದೆಯೋ, ಬೇರೆಯದನ್ನೂ ಕೆಡಿಸುತ್ತದೆಯೋ? ಫಿಲ್ಟರ್, ವಾಟರ್ ಪಂಪು, ಹೆಡ್ ಗ್ಯಾಸ್ಕೆಟ್, ಹಬ್ ಬೇರಿಂಗ್, ಬ್ರೇಕಿನ ಯಾವುದೇ ಸಾಮಾನು, ಇವು ಎರಡನೆಯ ಗುಂಪಿಗೆ ಸೇರಿದವು; ಇಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಕನ್ನಡಿ, ಮಡ್‌ಗಾರ್ಡ್, ಲೈಟಿನ ಗಾಜು ಯಾವುದಾದರೂ ಆದೀತು. ಆದರೆ ಲಾರಿ ಕಂಪನಿಯ ಡಬ್ಬಿಯೇ ಬೇಕೆಂದಿಲ್ಲ. ಲಾರಿ ಕಂಪನಿಗಳು ಕ್ಲಚ್, ಬೇರಿಂಗ್, ಫಿಲ್ಟರುಗಳನ್ನು ಬಹುಪಾಲು ಹೊರಗಿನ ತಯಾರಕರಿಂದಲೇ ಕೊಳ್ಳುತ್ತವೆ, ಅದೇ ತಯಾರಕರು ತಮ್ಮ ಹೆಸರಿನ ಡಬ್ಬಿಯಲ್ಲಿಯೂ ಮಾರುತ್ತಾರೆ. ಚಾಸಿ ನಂಬರ್ ಕೊಟ್ಟು ಸರಿಯಾದ ಪಾರ್ಟ್ ನಂಬರ್ ತೆಗೆಸಿ, ಆ ತಯಾರಕರದನ್ನೇ ಕೇಳಿ. ಬೆಲೆ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಕ್ಲಚ್ ಪ್ಲೇಟನ್ನು ಮಾತ್ರ ಬದಲಾಯಿಸಿ ಪ್ರೆಷರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಹಳೆಯದೇ ಇಟ್ಟರೆ ಗೇರ್ ಬಾಕ್ಸನ್ನು ಎರಡು ಸಲ ಇಳಿಸುವ ಕೂಲಿ ತೆರಬೇಕಾದೀತು. ಫ್ಲೈವೀಲಿನ ಮುಖವನ್ನೂ ಆಗಲೇ ನೋಡಿಸಿ.

ನಕಲಿಯವರು ಹಾಲೋಗ್ರಾಮನ್ನೂ ಅಚ್ಚು ಹಾಕಬಲ್ಲರು. ಹಾಗಾಗಿ ಕ್ಯುಆರ್ ಕೋಡ್ ಇದ್ದರೆ ತಯಾರಕರ ಆ್ಯಪಿನಲ್ಲೇ ಪರಿಶೀಲಿಸಬೇಕು, ಜಿಎಸ್‌ಟಿ ಬಿಲ್ಲನ್ನು ಪಾರ್ಟ್ ನಂಬರಿನ ಸಮೇತ ಪಡೆಯಬೇಕು. ಬಿಲ್ಲು ಕೇಳಿದೊಡನೆ ಬೆಲೆ ಬದಲಾಗುವ ಅಂಗಡಿಯಿಂದ ನಾನು ಎದ್ದು ಬರುತ್ತೇನೆ. ಹಳೆಯ ಡಬ್ಬಿಗಳನ್ನು ಗುಜರಿಯವರಿಗೆ ಇಡಿಯಾಗಿ ಕೊಡಬೇಡಿ, ಅವು ನಕಲಿ ಮಾಲು ತುಂಬಿಕೊಂಡು ಮತ್ತೆ ನಮ್ಮ ಮುಂದೆಯೇ ಬಂದು ನಿಲ್ಲುತ್ತವೆ. ಏರ್ ಫಿಲ್ಟರಿಗೆ ಗಾಳಿ ಹೊಡೆದು ಎರಡು ಮೂರು ಸಲ ಬಳಸಬಹುದು, ಅಲ್ಲಿ ಸ್ವಲ್ಪ ಉಳಿಸಿಕೊಳ್ಳಿ.

ಉತ್ತರ 3 (ಫೋಂಡಾ, ಗೋವಾ)

ಕಳಂಬೋಲಿಯವರ ಕೊನೆಯ ಮಾತನ್ನು ನಾನು ಒಪ್ಪಲಾರೆ. ಅದಿರಿನ ಧೂಳಿನಲ್ಲಿ ಟಿಪ್ಪರ್ ಓಡಿಸಿದವನು ನಾನು. ಕಂಪ್ರೆಸರಿನ ಗಾಳಿ ತಾಗಿ ಕಾಗದದಲ್ಲಿ ಸೂಜಿಮೊನೆಯಷ್ಟು ತೂತಾದರೂ ಧೂಳು ಟರ್ಬೊ ದಾಟಿ ಸಿಲಿಂಡರಿನ ಲೈನರ್ ಮತ್ತು ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಗಾಡಿ ಆಯಿಲ್ ಕುಡಿಯಲು ತೊಡಗಿದಾಗಲೇ ಅದು ತಿಳಿಯುವುದು. ಕತ್ತಲಲ್ಲಿ ಫಿಲ್ಟರಿನೊಳಗೆ ಬಲ್ಬು ಇಳಿಸಿ ನೋಡಿ, ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಎಸೆಯಿರಿ. ಒಳಗಿನ ಚಿಕ್ಕ ಸೇಫ್ಟಿ ಫಿಲ್ಟರಿಗಂತೂ ಗಾಳಿ ಹೊಡೆಯಲೇಬಾರದು. ಮಳೆಗಾಲದಲ್ಲಿ ವಾಟರ್ ಸೆಪರೇಟರಿನಲ್ಲಿ (ಡೀಸೆಲಿನಿಂದ ನೀರು ಬೇರ್ಪಡಿಸುವ ಭಾಗ) ನಿಂತ ನೀರನ್ನು ದಿನವೂ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಿಡಬೇಕು.

ಮತ್ತೆ ನಿಗಡಿಯಿಂದ

ಎಲ್ಲರಿಗೂ ಕೃತಜ್ಞ. ಭೋಸರಿಯ ಕಾಕಾ ಹೇಳಿದಂತೆ ಆರನ್ನೂ ಬೆಂಚಿಗೆ ಹಾಕಿಸಿದೆ; ಕೆಟ್ಟಿದ್ದವು ಎರಡಲ್ಲ, ಮೂರು. ಎರಡಕ್ಕೆ ಕಂಪನಿಯ ಹೊಸದು ಹಾಕಿಸಿ, ಮೂರನೆಯದನ್ನು ವರದಿ ಸಮೇತ ರಿಪೇರಿ ಮಾಡಿಸಿದೆ. ಟ್ಯಾಂಕ್ ಇಳಿಸಿದಾಗ ತಳದಲ್ಲಿ ಒಂದು ಬೊಗಸೆ ಕರಿ ಕೆಸರು ಸಿಕ್ಕಿತು, ಅದನ್ನೂ ತೊಳೆಸಿದ್ದಾಯಿತು. ಕ್ಲಚ್ ಸೆಟ್ಟನ್ನು ತಯಾರಕರ ಡಬ್ಬಿಯಲ್ಲೇ ತರಿಸಿದ್ದೇನೆ, ಸೋಮವಾರ ಗೇರ್ ಬಾಕ್ಸ್ ಇಳಿಸುತ್ತಾರೆ. ಏರ್ ಫಿಲ್ಟರಿಗೆ ಬಲ್ಬು ಇಳಿಸಿ ನೋಡಿದೆ. ಎರಡು ಕಡೆ ಚುಕ್ಕೆ ಕಂಡಿತು.