ಬೈಕಿನ ಯಾವ ಭಾಗ ಬಿಸಿಯಾದರೆ ಚಿಂತಿಸಬೇಕು? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ನಮಸ್ಕಾರ. ಇವತ್ತು ಬಿಸಿಯ ವಿಷಯ ಮಾತ್ರ. ಯಾವ ಭಾಗ, ಎಷ್ಟು ಹೊತ್ತು ಓಡಿಸಿದ ಮೇಲೆ, ಇತ್ತೀಚೆಗೆ ಬೈಕಿನಲ್ಲಿ ಏನನ್ನು ಬದಲಿಸಿದ್ದೀರಿ ಎಂಬುದನ್ನು ಬರೆದು ಕೇಳಿ. ಬಿಸಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಡಿ.

ಹೊಸ ಸವಾರ: ಸರ್, ಅರ್ಧ ಗಂಟೆ ಓಡಿಸಿದರೆ ಎಂಜಿನ್ ಮುಟ್ಟಲು ಆಗುವುದಿಲ್ಲ. ಬೈಕ್ ಹೊಸದು, ಏನನ್ನೂ ಬದಲಿಸಿಲ್ಲ. ಏನಾದರೂ ದೋಷವೇ?

ಮೆಕ್ಯಾನಿಕ್: ಗಾಳಿಯಿಂದ ತಣಿಯುವ ಎಂಜಿನ್ನಿನ ಹೆಡ್ 100 ಡಿಗ್ರಿ ದಾಟುವುದು ಸಹಜ. 60 ಡಿಗ್ರಿಯ ಲೋಹವೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಹಾಗಾಗಿ ಮುಟ್ಟಲು ಆಗುವುದಿಲ್ಲ ಎಂಬುದರಿಂದ ದೋಷ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಏರಿನಲ್ಲಿ ಎಳೆತ ಕುಗ್ಗಿದರೆ, ಟಕಟಕ ಸದ್ದು ಬಂದರೆ, ಎಣ್ಣೆ ಸುಟ್ಟ ವಾಸನೆ ಬಂದರೆ ಆಗ ಚಿಂತಿಸಿ. ಆಯಿಲ್ ಮಟ್ಟವನ್ನು ಬೈಕ್ ನೆಟ್ಟಗೆ ನಿಲ್ಲಿಸಿ ನೋಡಿ.

ಕೆಂಪು ಟ್ಯಾಂಕ್: ಇನ್‌ಫ್ರಾರೆಡ್ ಥರ್ಮಾಮೀಟರ್ ತೆಗೆದುಕೊಂಡೆ. ಹೊಳೆಯುವ ಎಂಜಿನ್ ಕವರ್ 48 ಡಿಗ್ರಿ ತೋರಿಸುತ್ತದೆ. ಆದರೆ ಅದರ ಮೇಲೆ ನೀರು ಬಿದ್ದರೆ ಚುರ್ ಎಂದು ಆರಿಹೋಗುತ್ತದೆ. ಉಪಕರಣವೇ ಕೆಟ್ಟಿದೆಯೇ?

ಮೆಕ್ಯಾನಿಕ್: ಕೆಟ್ಟಿಲ್ಲ, ಒಳ್ಳೆಯ ಪ್ರಶ್ನೆ. ಪಾಲಿಶ್ ಮಾಡಿದ ಅಲ್ಯೂಮಿನಿಯಂ, ಕ್ರೋಮ್ ಇವು ತಮ್ಮ ಶಾಖವನ್ನು ಕಿರಣವಾಗಿ ಹೊರಬಿಡುವುದು ತೀರಾ ಕಡಿಮೆ. ಸುತ್ತಲಿನ ವಸ್ತುಗಳ ಶಾಖವನ್ನೇ ಕನ್ನಡಿಯ ಹಾಗೆ ತಿರುಗಿಸಿ ಕಳಿಸುತ್ತವೆ. ನಿಮ್ಮ ಉಪಕರಣ ಓದುತ್ತಿರುವುದು ಅದನ್ನೇ. ಅಳೆಯುವ ಜಾಗಕ್ಕೆ ಹೊಳಪಿಲ್ಲದ, ಶಾಖ ತಾಳುವ ಕಪ್ಪು ಬಣ್ಣದ ಸಣ್ಣ ಚುಕ್ಕಿ ಹಾಕಿ, ಒಣಗಿದ ಮೇಲೆ ಅಲ್ಲಿಯೇ ಅಳೆಯಿರಿ. ಇನ್ನೊಂದು ಮಾತು: ಉಪಕರಣದ ಕೆಂಪು ಲೇಸರ್ ಚುಕ್ಕೆ ಗುರಿ ತೋರಿಸಲು ಮಾತ್ರ. 12ಕ್ಕೆ 1 ಎಂದು ಬರೆದಿರುವ ಉಪಕರಣವು 60 ಸೆಂಟಿಮೀಟರ್ ದೂರದಿಂದ 5 ಸೆಂಟಿಮೀಟರ್ ಅಗಲದ ವೃತ್ತದ ಸರಾಸರಿಯನ್ನು ಹೇಳುತ್ತದೆ. ಕನೆಕ್ಟರಿನಂಥ ಚಿಕ್ಕ ವಸ್ತುವನ್ನು ಅಳೆಯುವಾಗ ಹತ್ತಿರ ಹೋಗಿ.

ಮೋಡದ ನೆರಳು: ನನ್ನ ಎಂಜಿನ್ ಕೂಡ ಮುಟ್ಟಲು ಆಗದಷ್ಟು ಬಿಸಿ ಸರ್, ಏನು ಮಾಡಲಿ?

ಮೆಕ್ಯಾನಿಕ್: ಮೇಲಿನ ಮೊದಲ ಉತ್ತರ ಓದಿ.

ಹಳೆಯ ಸವಾರ: ಎಲ್ಲರಿಗೂ ಉಪಯೋಗವಾಗಲಿ ಎಂದು ನನಗೆ ಬಂದ ಸಂದೇಶವನ್ನು ಹಾಕುತ್ತಿದ್ದೇನೆ. "ಸವಾರಿ ಮುಗಿದ ಕೂಡಲೇ ಎಂಜಿನ್ ಮೇಲೆ ಒದ್ದೆ ಬಟ್ಟೆ ಹೊದಿಸಿ, ಆಯುಷ್ಯ ಹೆಚ್ಚುತ್ತದೆ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ಅದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ."

ಮೆಕ್ಯಾನಿಕ್: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲು. ಅದರ ಮೇಲೆ ಹಾಳೆ ಸುತ್ತಿದರೆ ಮುಂದೆ ಕರಗುವುದು ಟ್ಯಾಂಕಿನ ಕೆಳಗೆ, ಪೆಟ್ರೋಲ್ ಪೈಪಿನ ಪಕ್ಕದಲ್ಲಿ ಹಾದುಹೋಗುವ ತಂತಿ. ಫ್ಯೂಸ್ ಹೋಗುತ್ತಿದ್ದರೆ ಎಲ್ಲೋ ತಂತಿ ಉಜ್ಜಿಕೊಂಡು ಶಾರ್ಟ್ ಆಗುತ್ತಿದೆ, ಇಲ್ಲವೇ ಹೊರೆ ಹೆಚ್ಚಾಗಿದೆ. ಅದನ್ನು ಹುಡುಕಿ. ಕಾದ ಲೋಹದ ಒಂದೇ ಬದಿಯನ್ನು ಒದ್ದೆ ಮಾಡಿ ತಣಿಸುವುದೂ ಬೇಡ. ಬೈಕ್ ತಾನಾಗಿಯೇ ಆರಲಿ.

ಹೊಸ ಸವಾರ: ಸೈಲೆನ್ಸರ್ ಕೊಳವೆ ಎಂಜಿನ್ ಹತ್ತಿರ ನೀಲಿ ಬಣ್ಣಕ್ಕೆ ತಿರುಗಿದೆ ಸರ್, ಇದಕ್ಕೆ ಕಾರಣವೇನು?

ರಾತ್ರಿ ಪಾಳಿ: ಹೆಡ್‌ಲೈಟಿಗೆ ಎಲ್‌ಇಡಿ ಹಾಕಿಸಿದ್ದೇನೆ. ಈಗ ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ತುಂಬಾ ಕಾಯುತ್ತದೆ. ಅದಕ್ಕೆ ಬರುವ ಮೂರು ಹಳದಿ ತಂತಿಗಳ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದೆ.

ಮೆಕ್ಯಾನಿಕ್: ರೆಗ್ಯುಲೇಟರ್ ಕಾಯುವುದು ಅದರ ಕೆಲಸದ ಭಾಗ. ಮೈಮೇಲೆ ರೆಕ್ಕೆಗಳಿರುವುದು ಅದಕ್ಕಾಗಿಯೇ, ಅವುಗಳ ಮಣ್ಣು ತೆಗೆಯಿರಿ. ನನಗೆ ಚಿಂತೆ ಕನೆಕ್ಟರಿನದು. ಕನೆಕ್ಟರ್ ತಂತಿಗಿಂತ ಹೆಚ್ಚು ಬಿಸಿಯಾಗಬಾರದು. ಒಳಗಿನ ಟರ್ಮಿನಲ್ ಸಡಿಲವಾಗಿ 0.1 ಓಮ್ ರೋಧ ಬಂದು, ಅದರಲ್ಲಿ 15 ಆಂಪಿಯರ್ ಹರಿದರೆ 22.5 ವ್ಯಾಟ್ ಶಾಖ ಹುಟ್ಟುತ್ತದೆ. ಅದು ಒಂದು ಸಣ್ಣ ಬೆಸುಗೆ ಕಡ್ಡಿಯ ಶಕ್ತಿ, ಬೆರಳಗಲದ ಪ್ಲಾಸ್ಟಿಕ್ಕಿನೊಳಗೆ. ಒಮ್ಮೆ ಕಾದ ಟರ್ಮಿನಲ್ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಆಗ ರೋಧ ಇನ್ನೂ ಹೆಚ್ಚುತ್ತದೆ. ಉಜ್ಜಿ ಮತ್ತೆ ಸಿಕ್ಕಿಸಿದರೆ ಸಾಲದು, ಎರಡೂ ಬದಿಯ ಟರ್ಮಿನಲ್‌ಗಳನ್ನು ಬದಲಿಸಿ ತಂತಿಗೆ ಸರಿಯಾಗಿ ಒತ್ತಿ ಬಿಗಿಸಿ (ಕ್ರಿಂಪ್) ಕೊಡಲು ಹೇಳಿ. ಆಮೇಲೆ ಎಂಜಿನ್ ವೇಗ ಸ್ವಲ್ಪ ಏರಿಸಿ ಬ್ಯಾಟರಿ ತುದಿಗಳಲ್ಲಿ ವೋಲ್ಟೇಜ್ ಅಳೆದು ಇಲ್ಲಿ ಬರೆಯಿರಿ. ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು.

ಎರಡು ಚಕ್ರ: ಎಲ್‌ಇಡಿ ಕಡಿಮೆ ವಿದ್ಯುತ್ ತಿನ್ನುತ್ತದೆ. ಹೊರೆ ಕಡಿಮೆಯಾದರೆ ರೆಗ್ಯುಲೇಟರ್ ತಣ್ಣಗಾಗಬೇಕು. ಎಲ್‌ಇಡಿಯ ಮೇಲೆ ಯಾರೂ ತಪ್ಪು ಹೊರಿಸಬೇಡಿ.

ಕೆಂಪು ಟ್ಯಾಂಕ್: ನಿಮ್ಮ ಲೆಕ್ಕ ಮನೆಯ ವಿದ್ಯುತ್ತಿಗೆ ಸರಿ, ಬೈಕಿಗೆ ಅಲ್ಲ. ಸ್ಟೇಟರ್ ಎಂಬ ತಂತಿ ಸುರುಳಿಯ ಜೊತೆ ತಿರುಗುವುದು ಶಾಶ್ವತ ಅಯಸ್ಕಾಂತ. ಎಂಜಿನ್ ತಿರುಗಿದಷ್ಟೂ ಅದು ಹುಟ್ಟಿಸುತ್ತದೆ, ಯಾರಿಗೆ ಎಷ್ಟು ಬೇಕು ಎಂದು ಕೇಳುವುದಿಲ್ಲ.

ಎರಡು ಚಕ್ರ: ಹೊರೆ ಇಲ್ಲದೆ ಕರೆಂಟ್ ಹರಿಯುತ್ತದೆಯೇ? ಶಾಲೆಯ ಪುಸ್ತಕ ತೆರೆದು ನೋಡಿ.

ಕೆಂಪು ಟ್ಯಾಂಕ್: ನೀವು ಮೊದಲು ನಿಮ್ಮ ಬೈಕಿನ ಸರ್ಕ್ಯೂಟ್ ಚಿತ್ರ ತೆರೆದು ನೋಡಿ.

ಎರಡು ಚಕ್ರ: ಥರ್ಮಾಮೀಟರ್ ಹಿಡಿಯಲು ಇವತ್ತು ಕಲಿತವರು ಪಾಠ ಹೇಳುವುದು ಬೇಡ.

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಶಂಟ್ ಬಗೆಯ ರೆಗ್ಯುಲೇಟರ್ ಹೆಚ್ಚಾದ ಕರೆಂಟನ್ನು ತನ್ನ ಮೂಲಕವೇ ಶಾರ್ಟ್ ಮಾಡಿ ಸ್ಟೇಟರಿಗೆ ಹಿಂದಿರುಗಿಸುತ್ತದೆ. ದೀಪ ತಿನ್ನದೆ ಬಿಟ್ಟದ್ದು ಅಲ್ಲಿಗೆ ಹೋಗುತ್ತದೆ, ಅದು ಇನ್ನಷ್ಟು ಕಾಯುತ್ತದೆ. ಸೀರೀಸ್ ಬಗೆಯದ್ದು ಹಾಗಲ್ಲ, ಹೊರೆ ಇಳಿದಂತೆ ತಣ್ಣಗಾಗುತ್ತದೆ.

ದೂರದಾರಿ: ನಮಸ್ಕಾರ ಅಣ್ಣ. ಹಿಂದಿನ ಚಕ್ರದ ಬೇರಿಂಗಿಗೆ ಯಾವ ಗ್ರೀಸ್ ಒಳ್ಳೆಯದು? ಹತ್ತು ಕಿಲೋಮೀಟರ್ ಹೋದರೆ ಚಕ್ರದ ನಡುಭಾಗ ಕಾದು ಹೋಗುತ್ತದೆ. ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗುತ್ತದೆ, ಬೈಕ್ ತಳ್ಳಿದರೆ ಉರುಳುವುದಿಲ್ಲ. ಅರ್ಧ ಗಂಟೆ ನಿಲ್ಲಿಸಿದರೆ ಸರಿಯಾಗುತ್ತದೆ. ನಾಳೆ ತಂಗಿ ಇದನ್ನು ಕೆಲಸಕ್ಕೆ ಒಯ್ಯುತ್ತಾಳೆ.

ಮೆಕ್ಯಾನಿಕ್: ತಂಗಿಗೆ ಬೈಕ್ ಕೊಡಬೇಡಿ. ನೀವೂ ಓಡಿಸಬೇಡಿ. ಗ್ರೀಸ್ ವಿಷಯ ಬಿಡಿ, ನೀವು ಹೇಳುತ್ತಿರುವುದು ಬೇರಿಂಗಿನ ಲಕ್ಷಣವಲ್ಲ, ಡಿಸ್ಕ್ ಬ್ರೇಕ್ ಬಿಡದೆ ಹಿಡಿದಿರುವ ಲಕ್ಷಣ.

ಪೆಡಲ್ ಬಿಟ್ಟಾಗ, ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಸರಿದು, ಬ್ರೇಕ್ ಆಯಿಲ್ ಡಬ್ಬಿಗೆ ಮರಳಲು ಸೂಜಿಮೊನೆಯಷ್ಟು ರಂಧ್ರ ತೆರೆಯಬೇಕು. ಬಿಸಿಯಾಗಿ ಹಿಗ್ಗಿದ ಆಯಿಲಿಗೆ ಅದೊಂದೇ ದಾರಿ. ಪೆಡಲಿಗೆ ಸಡಿಲು ಇಲ್ಲದಿದ್ದರೆ, ಇಲ್ಲವೇ ರಂಧ್ರಕ್ಕೆ ಕೊಳೆ ಕಟ್ಟಿದ್ದರೆ ಒತ್ತಡ ಒಳಗೇ ಉಳಿಯುತ್ತದೆ. ಪ್ಯಾಡ್ ಡಿಸ್ಕಿಗೆ ಉಜ್ಜುತ್ತದೆ, ಡಿಸ್ಕ್ ಕಾಯುತ್ತದೆ, ಆ ಬಿಸಿಗೆ ಆಯಿಲ್ ಮತ್ತೆ ಹಿಗ್ಗುತ್ತದೆ, ಪ್ಯಾಡ್ ಇನ್ನೂ ಬಿಗಿಯಾಗುತ್ತದೆ. ನಿಲ್ಲಿಸಿದಾಗ ಆಯಿಲ್ ತಣಿದು ಕುಗ್ಗುವುದರಿಂದ ನಿಮಗೆ ಸರಿಹೋದಂತೆ ಕಾಣುತ್ತದೆ. ಓಡುವಾಗ ಚಕ್ರ ಒಮ್ಮೆಲೇ ಕಟ್ಟಿಕೊಳ್ಳಬಹುದು. ಇಲ್ಲವೇ ಆಯಿಲ್ ಕುದಿದು ಪೆಡಲ್ ತಳಕ್ಕೆ ಹೋಗಿ ಬ್ರೇಕೇ ಇಲ್ಲದಂತಾಗಬಹುದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ. ತೇವ ಹೀರಿದ ಆಯಿಲಿಗೆ ಮಾನದಂಡ ಕೇಳುವುದು 155 ಮಾತ್ರ.

ಗ್ಯಾರೇಜಿನಲ್ಲಿ ಹೀಗೆ ಪರೀಕ್ಷಿಸಲು ಹೇಳಿ. ಚಕ್ರ ಹಿಡಿದಿರುವಾಗಲೇ ಮಾಸ್ಟರ್ ಸಿಲಿಂಡರ್ ಬಳಿಯ ಹೋಸ್ ಬೋಲ್ಟನ್ನು ತುಸು ಸಡಿಲಿಸಬೇಕು. ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರಿನದು ಅಥವಾ ಪೆಡಲಿನದು. ಬಿಡದಿದ್ದರೆ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಆಯಿಲ್ ಹೊರಬಿಡುವ ತಿರುಪು) ತೆರೆಯಬೇಕು. ಈಗ ಬಿಟ್ಟರೆ ಹೋಸ್ ಒಳಗೆ ಊದಿಕೊಂಡಿದೆ. ಆಗಲೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ಇಲ್ಲವೇ ಸ್ಲೈಡ್ ಪಿನ್ ಸಿಕ್ಕಿಕೊಂಡಿದೆ. ಬ್ರೇಕ್ ಆಯಿಲ್ ಬೈಕಿನ ಬಣ್ಣವನ್ನು ಕೀಳುತ್ತದೆ, ಬಟ್ಟೆ ಹಾಸಿಕೊಳ್ಳಲಿ. ಈಗ ಹೇಳಿ, ಇತ್ತೀಚೆಗೆ ಪೆಡಲಿಗೆ ಯಾರಾದರೂ ಕೈ ಹಾಕಿದ್ದರೇ?

ಹಳೆಯ ಸವಾರ: ಡಿಸ್ಕ್ ಉಜ್ಜುತ್ತಿದ್ದರೆ ಎರಡು ಹನಿ ಎಣ್ಣೆ ಬಿಟ್ಟರೆ ಸಾಕು. ನಾವು ಮೊದಲಿನಿಂದಲೂ ಹಾಗೆಯೇ ಮಾಡುತ್ತಿದ್ದೇವೆ.

ಮೆಕ್ಯಾನಿಕ್: ಬ್ರೇಕ್ ಡಿಸ್ಕಿಗೆ ಎಣ್ಣೆಯೇ? ಈ ಸಂದೇಶವನ್ನು ಈಗಲೇ ಅಳಿಸಿ. ಇದನ್ನು ನಂಬಿ ಯಾರಾದರೂ ಹಾಗೆ ಮಾಡಿದರೆ ಬ್ರೇಕ್ ಹಿಡಿಯುವುದಿಲ್ಲ.

ಹಳೆಯ ಸವಾರ: ಹಿರಿಯರೊಂದಿಗೆ ಮಾತನಾಡುವ ರೀತಿ ಇದಲ್ಲ.

ಎರಡು ಚಕ್ರ: ಅವರು ಹೇಳಿದ್ದು ಸರಿ, ಅಳಿಸಿ.

ದೂರದಾರಿ: ಹೌದು ಅಣ್ಣ, ಹೋದ ವಾರ ಪೆಡಲ್ ಎತ್ತರ ನಾನೇ ಬದಲಿಸಿದೆ. ದಪ್ಪ ಬೂಟಿಗೆ ಅಡ್ಡ ಬರುತ್ತಿತ್ತು.

ಮೆಕ್ಯಾನಿಕ್: ಬಹುತೇಕ ಅದೇ ಕಾರಣ. ಪೆಡಲಿಗೆ ಜೋಡಿಸಿದ ಪುಷ್ ರಾಡ್ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಸದಾ ಒತ್ತಿ ಹಿಡಿದಿದೆ. ಕೈಪಿಡಿಯಲ್ಲಿ ಹೇಳಿದಷ್ಟು ಸಡಿಲು ಬಿಡಿಸಿ. ಅಷ್ಟಕ್ಕೇ ಬಿಡಬೇಡಿ, ಬೆಂದ ಆಯಿಲ್ ಬದಲಿಸಿ, ಪ್ಯಾಡ್ ಹೊರತೆಗೆದು ನೋಡಿಸಿ. ಮೇಲ್ಮೈ ಗಾಜಿನಂತೆ ಮಿನುಗುತ್ತಿದ್ದರೆ ಹೊಸದು ಹಾಕಿಸಿ.

ಮೋಡದ ನೆರಳು: ಎಂಜಿನ್ ಬಿಸಿಗೆ ದಪ್ಪ ಆಯಿಲ್ ಹಾಕಿದರೆ ಆಗುತ್ತದೆಯೇ? 20ಡಬ್ಲ್ಯು-50?

ಮೆಕ್ಯಾನಿಕ್: ಕೈಪಿಡಿಯಲ್ಲಿರುವ ದರ್ಜೆ ಹಾಕಿ.

ಕೆಂಪು ಟ್ಯಾಂಕ್: ದಪ್ಪ ಆಯಿಲ್ ಹಾಕಿದರೆ ಎಳೆತ ಕುಗ್ಗುತ್ತದೆ.

ಎರಡು ಚಕ್ರ: ನಿಮ್ಮನ್ನು ಯಾರು ಕೇಳಿದರು?

ಹೊಸ ಸವಾರ: ಸೈಲೆನ್ಸರ್ ನೀಲಿ ಬಣ್ಣದ ಬಗ್ಗೆ ಕೇಳಿದ್ದೆ.

ರಾತ್ರಿ ಪಾಳಿ: ಸರ್, ಟರ್ಮಿನಲ್ ಬದಲಿಸುವ ಮೊದಲೇ ಅಳೆದೆ. ವೇಗ ಏರಿಸಿದರೆ 15.7 ವೋಲ್ಟ್ ಬರುತ್ತಿದೆ. ಬ್ಯಾಟರಿಯ ಪಕ್ಕಗಳು ಸ್ವಲ್ಪ ಉಬ್ಬಿವೆ, ಕೊಳೆತ ಮೊಟ್ಟೆಯ ವಾಸನೆ ಇದೆ.

ಮೆಕ್ಯಾನಿಕ್: ಎಂಜಿನ್ ನಿಲ್ಲಿಸಿ, ಮತ್ತೆ ಶುರು ಮಾಡಬೇಡಿ. ರೆಗ್ಯುಲೇಟರ್ ನಿಯಂತ್ರಣ ತಪ್ಪಿದೆ, ಬ್ಯಾಟರಿ ಮಿತಿಮೀರಿ ಚಾರ್ಜ್ ಆಗುತ್ತಿದೆ. ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಇರುತ್ತದೆ, ಒಂದು ಕಿಡಿ ಸಾಕು. ಬೈಕನ್ನು ಬಯಲಿಗೆ ತಳ್ಳಿ, ಬ್ಯಾಟರಿ ಪೂರ್ತಿ ಆರುವವರೆಗೆ ತಂತಿಗಳನ್ನು ಮುಟ್ಟಬೇಡಿ. ಆಮೇಲೆ ಕನ್ನಡಕ, ಕೈಗವಸು ಹಾಕಿಕೊಂಡು ಮೊದಲು ಋಣ ತುದಿಯ ತಂತಿ ಬಿಚ್ಚಿ. ಆ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ರೆಗ್ಯುಲೇಟರ್, ಬ್ಯಾಟರಿ, ಕನೆಕ್ಟರ್ ಮೂರನ್ನೂ ಒಟ್ಟಿಗೆ ಬದಲಿಸಿ, ಮತ್ತೆ ವೋಲ್ಟೇಜ್ ಅಳೆದು ಬರೆಯಿರಿ.